ಮೊದಲು ಒಪ್ಪಿಗೆ ಪತ್ರ, ಆಮೇಲೆ ಟಿಸಿ

ಮಾನ್ಯರೇ,

ಸೆಮಿಸ್ಟರ್ ಶುರುವಾಗಿ ತಿಂಗಳೊಪ್ಪತ್ತು ಕಳೆಯುವುದರೊಳಗೆ ಪದವಿ ಕಾಲೇಜುಗಳ ಕಚೇರಿ ಕಿಟಕಿ ಮುಂದೆ ಟಿಸಿ (ವರ್ಗಾವಣೆ ಪತ್ರ) ಕೇಳುವವರು ನಿಲ್ಲುತ್ತಾರೆ. ತಂದೆಯ ವರ್ಗಾವಣೆ, ಹಾಸ್ಟೆಲ್ ಸಿಗದಿರುವುದು, ಓದಿನ ನಡುವೆಯೇ ಮದುವೆಯಾಗಿ ಗಂಡನ ಊರಿಗೆ ಹೊರಡುವುದು, ಹೀಗೆ ಕಾರಣಗಳು ನಿಜವಾದವೇ. ಆದರೆ ಹೆಚ್ಚಿನವರು ಮೊದಲು ಟಿಸಿ ಪಡೆದು ಆಮೇಲೆ ಸೀಟು ಹುಡುಕುತ್ತಾರೆ. ಟಿಸಿ ಬರೆದರೆ ಹಾಜರಿ ಪುಸ್ತಕದಿಂದ ಹೆಸರು ಹೋಯಿತು. ಹೊಸ ಕಾಲೇಜು ಒಲ್ಲೆ ಎಂದರೆ ವಿದ್ಯಾರ್ಥಿ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ. ಸೇರಬೇಕಾದ ಕಾಲೇಜಿನ ಲಿಖಿತ ಒಪ್ಪಿಗೆ ಮೊದಲು. ಅದನ್ನು ತೋರಿಸಿ ಈಗಿನ ಕಾಲೇಜಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಬಳಿಕ ವಿಶ್ವವಿದ್ಯಾಲಯದ ಅನುಮತಿ, ಕಟ್ಟಕಡೆಗೆ ಟಿಸಿ. ಒಪ್ಪಿಗೆ ಪತ್ರದಲ್ಲಿ ಐಚ್ಛಿಕ ವಿಷಯಗಳನ್ನು ಹೆಸರಿಸಿ ಬರೆಸಿಕೊಳ್ಳಬೇಕು. ಭೂಗೋಳ ಓದುತ್ತಿದ್ದ ಬಿಎ ವಿದ್ಯಾರ್ಥಿ ಹೋಗಿ ನೋಡಿದರೆ ಅಲ್ಲಿ ಭೂಗೋಳ ವಿಭಾಗವೇ ಇರುವುದಿಲ್ಲ!

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿ.ವಿ. ವ್ಯಾಪ್ತಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರಕ್ಕೂ ಇತ್ತು. ಈಗ ಬಾಗಲಕೋಟೆ ಜಿಲ್ಲೆಗೆ ಜಮಖಂಡಿಯಲ್ಲಿ ಬೇರೆ ವಿ.ವಿ. ಬಂದಿದೆ. ಮಹಿಳಾ ಕಾಲೇಜುಗಳಿಗಾಗಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿ.ವಿ. ಮೊದಲಿನಿಂದಲೂ ಇದೆ. ಹಾಗಾಗಿ ಜಮಖಂಡಿಯಿಂದ ಕೃಷ್ಣೆ ದಾಟಿ ಬೆಳಗಾವಿ ಜಿಲ್ಲೆಯ ಅಥಣಿಗೆ ಹೋದರೂ ವಿ.ವಿ.ಯೇ ಬದಲಾಗುತ್ತದೆ. ವಿ.ವಿ. ಬದಲಿಸಲು ಹಳೆಯ ವಿ.ವಿ. ಕೊಡುವ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು, ಎರಡೂ ಕಡೆಯ ಪಠ್ಯಕ್ರಮ ತಾಳೆಯಾಗಬೇಕು. ಇದು ಸೆಮಿಸ್ಟರ್ ನಡುವೆ ಮುಗಿಯುವ ಕೆಲಸವಲ್ಲ. ಪರೀಕ್ಷೆ ಬರೆದು, ಮುಂದಿನ ಸೆಮಿಸ್ಟರ್ ಆರಂಭಕ್ಕೆ ಹೋಗುವುದೇ ಲೇಸು.

ಅನಿವಾರ್ಯವಾಗಿ ನಡುವೆಯೇ ಹೋಗುವವರು ಹಾಜರಾತಿ ಲೆಕ್ಕ ಹಾಕಿಕೊಳ್ಳಲಿ. ವಾರಕ್ಕೆ 4 ತರಗತಿಯಂತೆ 16 ವಾರಕ್ಕೆ 64 ತರಗತಿ. ಪರೀಕ್ಷೆಗೆ ಕೂರಲು ಬೇಕಾದ ಶೇ 75 ಎಂದರೆ 48. ಆರು ವಾರ ಕಳೆದು ಸೇರಿದರೆ ಉಳಿಯುವುದು 40 ಮಾತ್ರ. ಒಂದು ದಿನವೂ ತಪ್ಪಿಸದೆ ಕೂತರೂ ಶೇ 62.5! ಹಿಂದಿನ ಕಾಲೇಜಿನಲ್ಲಿ ಎಷ್ಟು ತರಗತಿ ನಡೆದವು, ಎಷ್ಟಕ್ಕೆ ಹಾಜರು ಎಂದು ವಿಷಯವಾರು ಬರೆದು ಪ್ರಾಂಶುಪಾಲರು ಸಹಿ ಮಾಡಿದ ಪತ್ರವಿದ್ದರೆ ಮಾತ್ರ ಆ ಕೊರತೆ ತುಂಬಿಸಿಕೊಡುವಂತೆ ಕೇಳಬಹುದು. ಆಂತರಿಕ ಅಂಕಗಳಿಗೂ ಇದೇ ಮಾತು. ವಿ.ವಿ., ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ದಾಖಲೆ ಹೊಸ ಕಾಲೇಜಿಗೆ ಬಂದಿದೆಯೇ ಎಂದು ಪರೀಕ್ಷಾ ಅರ್ಜಿಗೆ ಮುಂಚೆಯೇ ನೋಡಿಕೊಳ್ಳಬೇಕು. ಹಾಲ್ ಟಿಕೆಟ್ ದಿನ ಓಡಾಡಿ ಪ್ರಯೋಜನವಿಲ್ಲ.

ಶುಲ್ಕದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆ ಸ್ಪಷ್ಟವಾಗಿದೆ. ಪ್ರವೇಶದ ಕೊನೆಯ ದಿನದ ನಂತರ 15 ದಿನದೊಳಗೆ ಬಿಟ್ಟರೆ ಶೇ 80 ವಾಪಸು, 30 ದಿನದೊಳಗಾದರೆ ಶೇ 50, ಆಮೇಲೆ ಸೊನ್ನೆ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಆದರೂ 'ಉಳಿದ ವರ್ಷಗಳ ಫೀ ಕಟ್ಟಿ ಒಯ್ಯಿರಿ' ಎನ್ನುವ ಖಾಸಗಿ ಕಾಲೇಜುಗಳಿಗೆ ಬರವಿಲ್ಲ.

ವಿ.ವಿ.ಗಳು ಕಾಲೇಜು ಬದಲಾವಣೆಯ ಕೊನೆಯ ದಿನಾಂಕವನ್ನು ಶೈಕ್ಷಣಿಕ ವೇಳಾಪಟ್ಟಿಯಲ್ಲೇ ಅಚ್ಚು ಹಾಕಲಿ. ಹಾಜರಾತಿ ಪತ್ರಕ್ಕೆ ಒಂದೇ ನಮೂನೆ ಕೊಡಲಿ.

– ಪದವಿ ಕಾಲೇಜು ಕಚೇರಿ ಸಿಬ್ಬಂದಿ, ಬಾಗಲಕೋಟೆ