ಡಾಕ್ಟರುಗಳಿಗೂ ಜೀತವೇ?

ಸಂಪಾದಕರಿಗೆ,

ಕೋವಿಡ್ ಕಾಲದಲ್ಲಿ ಕ್ಯೂಬಾ ಸರ್ಕಾರ ಇಟಲಿಗೆ ಕಳಿಸಿದ ತನ್ನ ಡಾಕ್ಟರುಗಳಿಗೆ ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವರ ಸೇವೆ ಬಗ್ಗೆ ಎರಡು ಮಾತಿಲ್ಲ. ಆದರೆ ಅವರ ದುಡಿಮೆ ಯಾರ ಜೇಬಿಗೆ ಹೋಗುತ್ತದೆ ಅಂತಲೂ ಕೇಳಬೇಕಲ್ವಾ?

ಬ್ರೆಜಿಲ್ 2013ರಲ್ಲಿ ಹಳ್ಳಿಗಾಡಿನ ಆಸ್ಪತ್ರೆಗಳಿಗೆ ಸಾವಿರಾರು ಕ್ಯೂಬಾ ಡಾಕ್ಟರುಗಳನ್ನು ಕರೆಸಿಕೊಂಡಿತು. ಕೊಟ್ಟ ಹಣದಲ್ಲಿ ಅವರ ಕೈಗೆ ಸಿಕ್ಕಿದ್ದು ಹೆಚ್ಚುಕಡಿಮೆ ಕಾಲು ಭಾಗ. ದೊಡ್ಡ ಪಾಲು ಕ್ಯೂಬಾ ಸರ್ಕಾರಕ್ಕೆ. ಕೆಲಸ ಅರ್ಧಕ್ಕೆ ಬಿಟ್ಟವರು ಎಂಟು ವರ್ಷ ತಾಯ್ನಾಡಿಗೆ ಕಾಲಿಡುವಂತಿಲ್ಲ. ಊರಲ್ಲಿರುವ ಮಕ್ಕಳ ಗತಿ? ಇದು ಬಲವಂತದ ದುಡಿಮೆ ಆಗಬಹುದು ಎಂದು 2019ರಲ್ಲಿ ವಿಶ್ವಸಂಸ್ಥೆಯ ತಜ್ಞರೇ ಕ್ಯೂಬಾಕ್ಕೆ ಪತ್ರ ಬರೆದರು. ಕ್ಯೂಬಾ ಒಪ್ಪಿಲ್ಲ. ಆ ಹಣದಿಂದಲೇ ತನ್ನ ಜನರಿಗೆ ಉಚಿತ ಚಿಕಿತ್ಸೆ ಅನ್ನುತ್ತದೆ. ಇರಬಹುದು. ಹಾಗಂತ ದುಡಿದವರ ಬಾಯಿಗೆ ಬೀಗ ಹಾಕೋದಾ?

ದೂರದ ಕಥೆ ಅಂತ ಸುಮ್ನಿರೋ ಹಾಗಿಲ್ಲ. ನರ್ಸಿಂಗ್ ಓದಿದ ಮಂಡ್ಯದ ಎಷ್ಟೋ ಹೆಣ್ಣುಮಕ್ಕಳ ಕಣ್ಣು ಕೊಲ್ಲಿ ದೇಶಗಳ ಮೇಲಿದೆ. ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಬಂದ ಕರಾರು ಪತ್ರ ನೋಡಿದೆ. ಎರಡು ವರ್ಷ ತುಂಬುವ ಮೊದಲು ಬಿಟ್ಟರೆ ದಂಡ. ಒರಿಜಿನಲ್ ಸರ್ಟಿಫಿಕೇಟು ಏಜೆಂಟನ ಹತ್ತಿರವೇ ಇರಬೇಕಂತೆ. ಅವಳಪ್ಪ ಗದ್ದೆ ಅಡ ಇಡಲು ಹೊರಟಿದ್ದರು!

ವಿದೇಶದ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕೇಳುವಂತಿಲ್ಲ ಎಂಬ ನಿಯಮ 2017ರಿಂದಲೇ ಇದೆ. ಯಾರಿಗೆ ಗೊತ್ತು? ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಜಿಲ್ಲಾಡಳಿತ ಆ ಪಟ್ಟಿಯನ್ನೂ ಈ ನಿಯಮವನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ನರ್ಸಿಂಗ್ ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಲಿ.

– ಓದುಗರೊಬ್ಬರು, ಮಂಡ್ಯ