‘ಶೀ’ ಅಜ್ಜಿಯ ಹೆಸರಲ್ಲ

ಮಾನ್ಯರೇ,

ಅಮೆರಿಕಕ್ಕೆ ವಲಸೆ ಹೋದ ಚೀನೀ ಕುಟುಂಬಗಳ ಕುರಿತ ಲೇಖನದಲ್ಲಿ ಹಳೆಯ ತಲೆಮಾರಿನ ಅಜ್ಜಿಯರನ್ನು ‘ಲೀ ಶೀ’, ‘ವಾಂಗ್ ಶೀ’ ಎಂದೇ ಹೆಸರಿಸಿರುವುದು ಸರಿಯಲ್ಲ. ‘ಶೀ’ ಎಂಬುದು ಹೆಸರಲ್ಲ. ‘ಲೀ ಶೀ’ ಎಂದರೆ ಲೀ ಮನೆತನದಲ್ಲಿ ಹುಟ್ಟಿದ ವಿವಾಹಿತೆ ಎಂದಷ್ಟೇ ಅರ್ಥ. ವಲಸೆ ಅಧಿಕಾರಿಗಳು ಅದನ್ನೇ ಹೆಸರೆಂದು ಬರೆದುಕೊಂಡರು. ಹೆತ್ತವರು ಇಟ್ಟ ಹೆಸರು ಮಕ್ಕಳ ದಾಖಲೆಗಳಿಗೂ ಬರದೆ ಕಳೆದುಹೋಯಿತು.

1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಏಂಜಲ್ ದ್ವೀಪದ ವಲಸೆ ತಪಾಸಣಾ ಕೇಂದ್ರದಲ್ಲಿ ಹೆಂಡತಿಯನ್ನೂ ಗಂಡನನ್ನೂ ಬೇರೆಬೇರೆಯಾಗಿ ವಿಚಾರಿಸುತ್ತಿದ್ದರು. ಊರಿನ ಮನೆಗೆ ಬಾಗಿಲು ಎಷ್ಟು, ಅಕ್ಕಿಯ ಡಬ್ಬ ಎಲ್ಲಿತ್ತು ಎಂಬಂಥ ಪ್ರಶ್ನೆಗಳು! ಉತ್ತರ ತಾಳೆಯಾಗದಿದ್ದರೆ ವಾರಗಟ್ಟಲೆ ಬಂಧನ, ಕೆಲವೊಮ್ಮೆ ಗಡೀಪಾರು. ಚೀನೀ ಕಾರ್ಮಿಕರ ವಲಸೆಯನ್ನು ತಡೆದ 1882ರ ನಿಷೇಧ ಕಾಯ್ದೆಯಿಂದ ಪಾರಾಗಲು ಎಷ್ಟೋ ಗಂಡಸರು ಬೇರೆಯವರ ಮಗನೆಂದು ತೋರಿಸುವ ಕಾಗದ ಕೊಂಡು, ಆ ಮನೆತನದ ಹೆಸರಿನಲ್ಲಿ ಬಂದಿದ್ದರು. ಮೊಮ್ಮಕ್ಕಳು ಹುಡುಕಲು ಹೊರಟಾಗ ಎಡವುವುದು ಇಲ್ಲಿಯೇ. ಕಡತ ಸಿಗುವುದು ಆ ಕಾಗದದ ಹೆಸರಿನಲ್ಲಿ, ನಿಜವಾದ ಹೆಸರಿನಲ್ಲಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿರುವ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಈ ವಿಚಾರಣೆಗಳ ಪ್ರತಿಗಳಿವೆ. ಸಮಾಧಿ ಕಲ್ಲಿನ ಚೀನೀ ಅಕ್ಷರಗಳಲ್ಲಿ ಹಲವು ಬಾರಿ ಊರಿನ ಹೆಸರೂ ಇರುತ್ತದೆ. ಇಂಥ ಲೇಖನ ಪ್ರಕಟಿಸುವಾಗ ಕುಟುಂಬದವರನ್ನು ಕೇಳಿ ಅಜ್ಜಿಯ ಸ್ವಂತ ಹೆಸರನ್ನು ಹಾಕಿ. ಅದು ಸಿಗದಿದ್ದರೆ ‘ಲೀ ಮನೆತನದ ಮಗಳು’ ಎಂದು ಬರೆಯಿರಿ.

— ಓದುಗರು, ಧಾರವಾಡ