ಮತ್ತೆ ಬಿಚ್ಚಿಸಿದವರಿಗೆ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ 1951ರ ಷೆವರ್ಲೆ 3100 ಪಿಕಪ್ ಗಾಡಿಯು ಹೊಸದಾಗಿ ಕಟ್ಟಿದ ಇಂಜಿನ್ನಿನಲ್ಲಿ ತನ್ನ ಮೊದಲ 800 ಕಿಲೋಮೀಟರ್ ಪೂರೈಸಿತು. ಅದಕ್ಕೆ ಮುಂಚೆ ಇಪ್ಪತ್ತೆರಡು ತಿಂಗಳು ಅದು ಬಾನೆಟ್ಟಿಲ್ಲದೆ ಶೆಡ್ಡಿನಲ್ಲಿ ನಿಂತಿತ್ತು. ಅಷ್ಟೂ ಕಾಲ ನನಗೆ ನೆರವಾದವರು ಅನೇಕರಿದ್ದಾರೆ, ಎಲ್ಲರಿಗೂ ನಾನು ಋಣಿ. ಆದರೆ ಇದನ್ನು ಬರೆಯಲು ಕುಳಿತಾಗ ಮೊದಲು ನೆನಪಾದವರು, ನಾನು ಮುಗಿಯಿತೆಂದುಕೊಂಡ ಕೆಲಸವನ್ನು ನೋಡಿ "ಇದು ಸರಿಯಿಲ್ಲ, ಮತ್ತೆ ಬಿಚ್ಚು" ಎಂದು ಹೇಳಿದವರು. ಆ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗಿತ್ತು, ಒಮ್ಮೆಯಂತೂ ಸಿಟ್ಟೇ ಬಂದಿತ್ತು. ಆಗ ಹೇಳದೆ ಉಳಿದ ವಂದನೆಯನ್ನು ಈಗ ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಗಾಡಿ ನನ್ನ ದೊಡ್ಡಪ್ಪನವರದು. ಅದರ ಮೂಲ ಇಂಜಿನ್ 216 ಘನ ಅಂಗುಲದ, ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಇಂಜಿನ್. 1929ರಲ್ಲಿ ಬಂದ, ವಾಲ್ವುಗಳು ಸಿಲಿಂಡರಿನ ಮೇಲ್ಗಡೆ ಇರುವ ಓವರ್‌ಹೆಡ್ ವಾಲ್ವ್ ಇಂಜಿನ್ನಿನ ವಂಶದ್ದು. ಒಲೆಗಳಿಗೆ ಹಾಕುವಂಥ ಸೀಳುತಲೆಯ ಬೋಲ್ಟುಗಳಿದ್ದುದರಿಂದ ಈ ವಂಶಕ್ಕೇ 'ಸ್ಟೋವ್‌ಬೋಲ್ಟ್' ಎಂಬ ಅಡ್ಡಹೆಸರು ಅಂಟಿಕೊಂಡಿದೆ. ಈ 216ರಲ್ಲಿ ಕ್ರ್ಯಾಂಕನ್ನು, ಅಂದರೆ ಪಿಸ್ಟನ್ನುಗಳ ಏರಿಳಿತದಿಂದ ತಿರುಗುವ ದಂಡವನ್ನು, ಹೊತ್ತಿರುವ ಮೇನ್ ಬೇರಿಂಗುಗಳಿಗೆ ಪಂಪಿನ ಒತ್ತಡದಿಂದ ಎಣ್ಣೆ ಹೋಗುತ್ತದೆ. ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳ ಕೆಳತುದಿಗೆ ಅಂಥ ದಾರಿಯಿಲ್ಲ. ಪ್ರತಿ ರಾಡಿನ ಕೆಳತುದಿಯನ್ನು ಮುಚ್ಚುವ ಕ್ಯಾಪಿಗೂ ಒಂದು ಪುಟ್ಟ ಸೌಟಿನಂಥ ತುಂಡು ಇರುತ್ತದೆ, ಅದು ಕೆಳಗಿನ ಚೇಂಬರಿನಿಂದ ಎಣ್ಣೆಯನ್ನು ಮೊಗೆದುಕೊಂಡು ಬೇರಿಂಗಿಗೆ ಕೊಡುತ್ತದೆ. ಬೇರಿಂಗ್ ಎಂದರೂ ಅದು ಈಗಿನಂತೆ ಬಿಡಿಯಾಗಿ ಸಿಗುವ ಶೆಲ್ ಅಲ್ಲ, ರಾಡಿನೊಳಗೇ ಎರಕ ಹೊಯ್ದ, ವೈಟ್ ಮೆಟಲ್ ಎಂಬ ಮೆದು ಮಿಶ್ರಲೋಹ. ನಿಧಾನವಾಗಿ ಓಡಿಸುವವರ ಕೈಯಲ್ಲಿ ಈ ವ್ಯವಸ್ಥೆ ದಶಕಗಟ್ಟಲೆ ಬಾಳುತ್ತದೆ, ದೊಡ್ಡಪ್ಪನವರ ಕೈಯಲ್ಲಿ ಬಾಳಿಯೂ ಇತ್ತು. ಹೆದ್ದಾರಿಯಲ್ಲಿ ಬಿಡುವಿಲ್ಲದೆ ಎರಡು ಗಂಟೆ ಓಡಿಸಿ ನಾಲ್ಕನೆಯ ರಾಡಿನ ವೈಟ್ ಮೆಟಲ್ ಕರಗಿಸಿದವನು ನಾನು. ಇಂಜಿನ್ನಿನ ಕೆಳಗಿನಿಂದ ಬರುತ್ತಿದ್ದ ಆ ಬಡಿತದ ಸದ್ದು ಈಗಲೂ ಕಿವಿಯಲ್ಲಿದೆ.

ಹಾಗಾಗಿ ನನ್ನ ಮೊದಲ ವಂದನೆ ದೊಡ್ಡಪ್ಪನವರಿಗೆ. ಮತ್ತೆ ವೈಟ್ ಮೆಟಲ್ ಹೊಯ್ಯಿಸಿ ಹಳೆಯದನ್ನೇ ಉಳಿಸುವುದೋ, ಅದೇ ವಂಶದ 235 ಘನ ಅಂಗುಲದ ಇಂಜಿನ್ ಕೂರಿಸುವುದೋ ಎಂಬ ಪ್ರಶ್ನೆಯನ್ನು ಅವರ ಮುಂದಿಡಲು ನಾನು ಮೂರು ವಾರ ಹಿಂಜರಿದೆ. ಟ್ರಕ್ಕುಗಳಿಗೆ 1954ರಿಂದ ಬಂದ 235ರಲ್ಲಿ ರಾಡುಗಳಿಗೂ ಒತ್ತಡದ ಎಣ್ಣೆ ಹೋಗುತ್ತದೆ, ಬೇರಿಂಗುಗಳು ಬದಲಾಯಿಸಬಹುದಾದ ಶೆಲ್ಲುಗಳು, ಪಿಸ್ಟನ್‌ಗಳು ಎರಕದ ಕಬ್ಬಿಣದ ಬದಲು ಅಲ್ಯೂಮಿನಿಯಮ್ಮಿನವು. ಇದನ್ನೆಲ್ಲ ವಿವರಿಸಿ ಮುಗಿಸುವ ಮೊದಲೇ ಅವರು, "ಗಾಡಿ ಓಡಬೇಕು ಕಣೋ. ಹಳೇ ಇಂಜಿನ್ ಎಸೆಯಬೇಡ, ಎಣ್ಣೆ ಸವರಿ ಜೋಪಾನವಾಗಿ ಇಡು" ಎಂದರು. ನನ್ನ ಅವಸರದಿಂದಲೇ ಇಂಜಿನ್ ಕೆಟ್ಟಿತೆಂದು ಅವರು ಅಂದೂ ಹೇಳಲಿಲ್ಲ, ಈ ಇಪ್ಪತ್ತೆರಡು ತಿಂಗಳಲ್ಲಿ ಒಂದು ದಿನವೂ ಹೇಳಲಿಲ್ಲ.

ನಾನು ಮೊದಲು ತಂದ 235 ಇಂಜಿನ್ ಹೊರನೋಟಕ್ಕೆ ಚೊಕ್ಕಟವಾಗಿತ್ತು. ಅದನ್ನು ತೊಳೆದು, ಬಣ್ಣ ಬಳಿದು ಬೋರಿಂಗಿಗೆ, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆದು ದೊಡ್ಡದು ಮಾಡಿಸಲು, ಒಯ್ದೆ. ಅಲ್ಲಿಯ ಹಿರಿಯ ಮೇಸ್ತ್ರಿಗಳು ಅಳತೆ ತೆಗೆಯುವುದಕ್ಕೂ ಮುಂಚೆ ಬಣ್ಣ ಕೆರೆಸಿದರು. ಆನಂತರ ಸಿಲಿಂಡರುಗಳಿರುವ ಬ್ಲಾಕಿಗೆ ಕಾಂತ ಹಚ್ಚಿ ಕಬ್ಬಿಣದ ಸಣ್ಣ ಪುಡಿ ಚೆಲ್ಲಿದಾಗ, ನೀರು ಓಡಾಡುವ ಗೋಡೆಯ ಮೇಲೆ ಕೂದಲೆಳೆಯಷ್ಟು ಸಪೂರ ಗೆರೆಯೊಂದು ತಾನಾಗಿಯೇ ಮೂಡಿತು. ಬಿರುಕಿರುವ ಕಡೆ ಕಾಂತದ ಬಲರೇಖೆಗಳು ಹೊರಗೆ ಸೋರಿ ಪುಡಿಯನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತವೆ ಎಂಬುದನ್ನು ಓದಿ ತಿಳಿದಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಬೋರಿಂಗ್ ಮಾಡಿ ಕೂಲಿ ಪಡೆದು ಕಳುಹಿಸಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಅವರು ಕೆಲಸವನ್ನೇ ಒಪ್ಪಿಕೊಳ್ಳಲಿಲ್ಲ. ಎರಡನೆಯ ಬ್ಲಾಕ್ ದೊರೆಯಲು ಏಳು ತಿಂಗಳು ಹಿಡಿಯಿತು. ಅದನ್ನು ನಾನು ಬಣ್ಣ ಬಳಿಯದೆ ಕೊಂಡೊಯ್ದೆ.

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಆ ಮೇಸ್ತ್ರಿಗಳ ಬಳಿ. ಈ ಇಂಜಿನ್ನಿನ ಮೂಲ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಸುಮಾರು 90.5 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರವಾದ ಸ್ಟ್ರೋಕ್ 100 ಮಿಲಿಮೀಟರ್. ಸಿಲಿಂಡರುಗಳು ಮೇಲ್ಭಾಗದಲ್ಲಿ ಹೆಚ್ಚು ಸವೆದು ಕೊಳವೆಯಂತಿರಬೇಕಾದ್ದು ಆಲಿಕೆಯಂತಾಗಿದ್ದವು, ಆದ್ದರಿಂದ ಇಂಚಿನ ಸಾವಿರದ 30 ಭಾಗದಷ್ಟು ದೊಡ್ಡದು ಮಾಡುವುದೆಂದು ತೀರ್ಮಾನವಾಯಿತು. ಆದರೆ ಹೊಸ ಪಿಸ್ಟನ್‌ಗಳು ಕೈಗೆ ಬಂದು, ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆಯುವವರೆಗೆ ಅವರು ಬ್ಲಾಕನ್ನು ಮುಟ್ಟಲಿಲ್ಲ. ಡಬ್ಬಿಯ ಮೇಲೆ ಬರೆದ ಅಂಕಿಗೆ ಬೋರ್ ಮಾಡಬಾರದು, ಪಿಸ್ಟನ್ ತೋರಿಸಿದ ಅಂಕಿಗೆ ಮಾಡಬೇಕು ಎಂಬುದು ಅವರ ಪದ್ಧತಿ. ಕಲ್ಲುಗಳಿಂದ ಉಜ್ಜುವ ಹೋನಿಂಗ್ ಮುಗಿದ ಮೇಲೆ ಗೋಡೆಗಳಲ್ಲಿ ಅಡ್ಡಡ್ಡ ಹೆಣೆದುಕೊಂಡ ಗೀರುಗಳನ್ನು ಬೆಳಕು ಹಿಡಿದು ತೋರಿಸಿದರು. ಪಿಸ್ಟನ್ನಿನ ರಿಂಗುಗಳು ಗೋಡೆಗೆ ಹೊಂದಿ ಕೂರುವವರೆಗೆ ಎಣ್ಣೆ ನಿಲ್ಲುವುದು ಆ ಗೀರುಗಳಲ್ಲೇ. ಬಿಸಿ ಸೋಪಿನ ನೀರಿನಲ್ಲಿ ಉಜ್ಜಿ, ಬಿಳಿಯ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬೆಳ್ಳಗೇ ಉಳಿಯುವವರೆಗೆ ತೊಳೆಯಬೇಕೆಂದರು. ನಾನು ನಾಲ್ಕು ಬಾರಿ ತೊಳೆದು ತೃಪ್ತನಾಗಿದ್ದೆ. ಬಟ್ಟೆ ಬೆಳ್ಳಗೆ ಉಳಿದದ್ದು ಒಂಬತ್ತನೆಯ ಬಾರಿಗೆ.

ಬ್ಲಾಕಿನ ಮೇಲೆ ಕೂರುವ ಸಿಲಿಂಡರ್ ಹೆಡ್ಡಿನ ವಿಷಯದಲ್ಲೂ ಅವರ ವಿವೇಚನೆ ನನ್ನನ್ನು ಕಾಪಾಡಿತು. ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ ಹುಟ್ಟಿದ ಇಂಜಿನ್ ಇದು. ಆ ಸೀಸವು, ಹೊಗೆ ಹೊರಬಿಡುವ ಎಗ್ಸಾಸ್ಟ್ ವಾಲ್ವುಗಳು ಮುಚ್ಚಿ ಕೂರುವ ಸೀಟುಗಳ ಮೇಲೆ ತೆಳು ಲೇಪದಂತೆ ಕುಳಿತು ಸವೆತವನ್ನು ತಡೆಯುತ್ತಿತ್ತು. ಈಗ ಅಂಥ ಪೆಟ್ರೋಲ್ ಜಗತ್ತಿನ ಯಾವ ದೇಶದ ಬಂಕಿನಲ್ಲೂ ವಾಹನಗಳಿಗೆ ಸಿಗುವುದಿಲ್ಲ. ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ಅದನ್ನು ನಿಲ್ಲಿಸಿತು. ಹನ್ನೆರಡು ಸೀಟುಗಳನ್ನೂ ಗಟ್ಟಿ ಲೋಹದವಕ್ಕೆ ಬದಲಾಯಿಸಿ ಎಂದು ನಾನು ಕೇಳಿಕೊಂಡಿದ್ದೆ. ಅವರು ಆರು ಎಗ್ಸಾಸ್ಟ್ ಸೀಟುಗಳನ್ನು ಮಾತ್ರ ಬದಲಾಯಿಸಿದರು. ಇನ್‌ಟೇಕ್ ಸೀಟುಗಳು ಒಳಬರುವ ಗಾಳಿ-ಪೆಟ್ರೋಲಿನ ಹೊಸ ಮಿಶ್ರಣದಿಂದ ತಂಪಾಗುತ್ತಲೇ ಇರುವುದರಿಂದ ಅಲ್ಲಿ ಹಳೆಯ ಎರಕವನ್ನು ಕೊರೆದು ತೆಳುವಾಗಿಸುವುದು ಬೇಡವೆಂದರು. ಗಿರಾಕಿ ಕೇಳಿದ್ದಕ್ಕಿಂತ ಕಡಿಮೆ ಕೆಲಸ ಮಾಡಿ, ಕಾರಣವನ್ನೂ ತಿಳಿಸಿದ ಅವರ ಬಗ್ಗೆ ನನಗಿರುವ ಗೌರವ ದೊಡ್ಡದು.

ಜೋಡಿಸುವ ಕೆಲಸದಲ್ಲಿ ಅಕ್ಕ ನನ್ನ ಜೊತೆಗಿದ್ದಳು. ಇಂಜಿನ್ನುಗಳ ಪರಿಚಯ ಅವಳಿಗೆ ಹೆಚ್ಚಾಗಿ ಇರಲಿಲ್ಲ, ಆದರೆ ಅಳತೆಗಳನ್ನು ಬರೆಯುವ ಹೊಣೆಯನ್ನು ಹೊತ್ತು ಮೊದಲ ದಿನದಿಂದ ಒಂದು ನೋಟ್‌ಬುಕ್ ಇಟ್ಟಿದ್ದಳು. ಯಾವ ಪಿಸ್ಟನ್ ಯಾವ ಬೋರಿಗೆ, ಯಾವ ರಿಂಗಿನ ಬಾಯಿ ಎಷ್ಟು, ಯಾವ ಬೇರಿಂಗಿನ ಸಂದು ಎಷ್ಟು, ಎಲ್ಲವೂ ಅದರಲ್ಲಿತ್ತು. ಬೇರಿಂಗಿನ ಸಂದನ್ನು ನಾವು ಅಳೆದದ್ದು ಮೇಣದ ಎಳೆಯಂಥ ಪ್ಲಾಸ್ಟಿಗೇಜಿನಿಂದ. ಅದನ್ನು ಕ್ರ್ಯಾಂಕಿನ ಮೇಲಿಟ್ಟು ಕ್ಯಾಪ್ ಬಿಗಿದು ಬಿಚ್ಚಿದರೆ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂಬುದರಿಂದ ಸಂದು ತಿಳಿಯುತ್ತದೆ. ಐದು ರಾಡುಗಳಲ್ಲಿ ಇಂಚಿನ ಸಾವಿರದ ಎರಡು ಭಾಗದ ಆಸುಪಾಸಿನಲ್ಲಿ ಬಂದ ಅಳತೆ ಮೂರನೆಯದರಲ್ಲಿ ಒಂದು ಅಂಚಿಗೆ ಅಗಲವಾಗಿ, ಇನ್ನೊಂದು ಅಂಚಿಗೆ ಕಿರಿದಾಗಿ ಬಂತು. ಸಂಜೆಯಾಗಿತ್ತು. ಎಳೆಯೇ ಓರೆಯಾಗಿ ಕೂತಿರಬೇಕೆಂದು ನಾನು ಮುಂದುವರಿಯಲು ಹೊರಟೆ. ಅಕ್ಕ ಒಪ್ಪಲಿಲ್ಲ. ನೋಟ್‌ಬುಕ್ ತಿರುವಿ, ಬಿಚ್ಚುವಾಗ ಬರೆದುಕೊಂಡಿದ್ದ ಗುರುತುಗಳನ್ನು ಓದುತ್ತಾ, ಮೂರನೆಯ ರಾಡಿನ ಕ್ಯಾಪ್ ತಿರುವುಮುರುವಾಗಿ ಕೂತಿರುವುದನ್ನು ತೋರಿಸಿದಳು. ರಾಡನ್ನೂ ಕ್ಯಾಪನ್ನೂ ಕಾರ್ಖಾನೆಯಲ್ಲಿ ಒಟ್ಟಿಗೆ ಬಿಗಿದೇ ಕೊರೆದಿರುತ್ತಾರೆ. ತಿರುಗಿಸಿ ಹಾಕಿದರೆ ವೃತ್ತವು ವೃತ್ತವಾಗಿ ಉಳಿಯುವುದಿಲ್ಲ. ಹಾಗೆಯೇ ಓಡಿಸಿದ್ದರೆ ಹಳೆಯ ಇಂಜಿನ್ನಿಗೆ ಬಂದ ಗತಿಯೇ ಇದಕ್ಕೂ ಬರುತ್ತಿತ್ತು. ನನಗೆ ಸಿಟ್ಟು ಬಂದದ್ದು ಆ ಸಂಜೆಯೇ. ಅಕ್ಕಾ, ಅದಕ್ಕಾಗಿ ಕ್ಷಮಿಸು. ಈ ಇಂಜಿನ್ ಉಳಿದಿರುವುದು ನಿನ್ನಿಂದ.

ಗಾಡಿಯೊಳಗೆ ಇಂಜಿನ್ ಕೂರಿಸುವ ದಿನ ಸಹಾಯಕ್ಕೆ ಬಂದ ಗೆಳೆಯರೆಲ್ಲರಿಗೂ ವಂದನೆಗಳು. 1955ರ ನಂತರದ 235ರ ವಾಟರ್ ಪಂಪ್ ಹಳೆಯ ಟ್ರಕ್ಕಿನ ರೇಡಿಯೇಟರಿಗೆ ಹೊಂದುವುದಿಲ್ಲ. ನಡುವೆ ಒಂದು ತಟ್ಟೆ ಜೋಡಿಸಿ 216ರ ಪಂಪನ್ನೇ ಹಾಕುವ ಉಪಾಯವನ್ನು ಹೇಳಿಕೊಟ್ಟವರೂ ಅವರೇ. ಕಾಲಿನಿಂದ ಒತ್ತುವ ಹಳೆಯ ಸ್ಟಾರ್ಟರನ್ನು ಉಳಿಸಿಕೊಳ್ಳುವ ಆಸೆಯಿಂದ ನಾನು 6 ವೋಲ್ಟಿನ ವ್ಯವಸ್ಥೆಯನ್ನೂ ಸ್ಟಾರ್ಟರ್ ತಿರುಗಿಸುವ ಹಳೆಯ ಫ್ಲೈವೀಲನ್ನೂ ಹಾಗೆಯೇ ಇಟ್ಟಿದ್ದೆ. ಆದರೆ ಬ್ಯಾಟರಿಗೆ ಈಗಿನ 12 ವೋಲ್ಟಿನ ವಾಹನಗಳ ಕೇಬಲ್ಲುಗಳನ್ನು ಹಾಕಿದ್ದೆ. ವೋಲ್ಟೇಜ್ ಅರ್ಧವಾದರೆ ಅದೇ ಶಕ್ತಿಗೆ ಎರಡು ಪಟ್ಟು ಕರೆಂಟ್ ಹರಿಯಬೇಕು, ಅದಕ್ಕೆ ದಪ್ಪ ಕೇಬಲ್ಲೇ ಬೇಕು ಎಂದು ಎಲೆಕ್ಟ್ರಿಷಿಯನ್ ಗೆಳೆಯರು ಎರಡನ್ನೂ ಬಿಚ್ಚಿಸಿ ಹೆಬ್ಬೆರಳು ಗಾತ್ರದವನ್ನು ತಾವೇ ತಂದು ಹಾಕಿದರು.

ಕೊನೆಯ ಬಾರಿ ಬಿಚ್ಚಿಸಿದವನು ಮೇಸ್ತ್ರಿಗಳ ಬಳಿ ಕೆಲಸ ಕಲಿಯುತ್ತಿರುವ ಹುಡುಗ. ಈ ಇಂಜಿನ್ನಿನಲ್ಲಿ ಎಣ್ಣೆಯ ಪಂಪನ್ನು ತಿರುಗಿಸುವುದು, ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ದಂಡ. ಆದ್ದರಿಂದ ಡಿಸ್ಟ್ರಿಬ್ಯೂಟರ್ ತೆಗೆದು, ಆ ರಂಧ್ರದಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿ ಡ್ರಿಲ್ಲಿನಿಂದ ತಿರುಗಿಸಿದರೆ, ಸ್ಟಾರ್ಟ್ ಮಾಡುವ ಮೊದಲೇ ಎಲ್ಲ ಕಡೆಗೂ ಎಣ್ಣೆ ತುಂಬಿಸಬಹುದು. ಒತ್ತಡ ತೋರಿಸುವ ಮುಳ್ಳು ಏರಿತು, ನಾವೆಲ್ಲ ಸಂತೋಷಪಟ್ಟೆವು. ಆ ಹುಡುಗ ಮಾತ್ರ ಟಾರ್ಚ್ ಹಿಡಿದು, ವಾಲ್ವುಗಳನ್ನು ಒತ್ತುವ ರಾಕರ್‌ಗಳನ್ನೇ ನೋಡುತ್ತಾ ನಿಂತಿದ್ದ. "ಅಣ್ಣಾ, ಇಲ್ಲಿ ಒಣಗೇ ಇದೆ" ಎಂದ. ಮೀಟರ್ ಸರಿಯಾಗಿ ತೋರಿಸುತ್ತಿದ್ದರೂ ರಾಕರ್ ಶಾಫ್ಟಿಗೆ ಎಣ್ಣೆ ಏರುವ ಸಣ್ಣ ದಾರಿಯಲ್ಲಿ ಹಳೆಯ ಮಡ್ಡಿ ಗಟ್ಟಿಯಾಗಿ ಕೂತಿತ್ತು. ಹೆಡ್ ಇಳಿಸಿ, ತಂತಿ ಹಾಕಿ ಬಿಡಿಸಲು ಒಂದು ದಿನವಾಯಿತು. ವಯಸ್ಸು ಇಪ್ಪತ್ತೂ ಆಗದ ಅವನು, ಹಿರಿಯರೆಲ್ಲ ಸಂಭ್ರಮಿಸುತ್ತಿದ್ದಾಗ ಅಷ್ಟು ಮೆಲ್ಲಗೆ ಆ ಮಾತು ಹೇಳಿದ್ದನ್ನು ನಾನು ಮರೆಯಲಾರೆ.

ಮೊದಲ ಬಾರಿ ಸ್ಟಾರ್ಟ್ ಆದಾಗ ಮೇಸ್ತ್ರಿಗಳು ಇಪ್ಪತ್ತು ನಿಮಿಷ ಆಕ್ಸಿಲರೇಟರಿನಿಂದ ಕೈ ತೆಗೆಯಲಿಲ್ಲ. ವಾಲ್ವುಗಳನ್ನು ತೆರೆಸುವ ಹೊಸ ಕ್ಯಾಮ್‌ಶಾಫ್ಟಿಗೂ ಅದರ ಮೇಲೆ ಕೂರುವ ಟ್ಯಾಪೆಟ್ಟುಗಳಿಗೂ ಪರಸ್ಪರ ಹೊಂದಿಕೊಳ್ಳಲು ಆ ವೇಳೆ ಬೇಕು. ಇಂಜಿನ್ ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲಿ ಓಡಿದರೆ ಮಾತ್ರ ಕ್ಯಾಮಿಗೆ ಸಾಕಷ್ಟು ಎಣ್ಣೆ ಸಿಡಿಯುತ್ತದೆ, ಐಡಲಿಂಗಿನಲ್ಲಿ ಬಿಟ್ಟರೆ ಮೊದಲ ದಿನವೇ ಸವೆದುಹೋಗಬಹುದು. ಅದಕ್ಕೆಂದೇ ಸತುವಿನ ಅಂಶ ಹೆಚ್ಚಿರುವ ಎಣ್ಣೆ ಹಾಕಿದ್ದೆವು. ಡ್ಯಾಶ್‌ಬೋರ್ಡಿನಲ್ಲಿ 216ರ ಕಾಲದ ಎಣ್ಣೆ ಮೀಟರ್ ಹಾಗೆಯೇ ಇದೆ. ಅದರ ಅಂಕಿಗಳು 30 ಪೌಂಡಿಗೆ ಮುಗಿಯುತ್ತವೆ. ಹೊಸ ಇಂಜಿನ್ನಿನ ಒತ್ತಡಕ್ಕೆ ಮುಳ್ಳು ಕೊನೆಯ ಅಂಕಿಯನ್ನು ದಾಟಿ ಅಂಚಿಗೆ ತಾಗಿ ನಿಂತಿತು.

ಭಾನುವಾರ ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಇಂಜಿನ್ ಬಿಸಿಯಿರುವಾಗಲೇ ಟ್ಯಾಪೆಟ್ಟುಗಳ ಸಂದನ್ನು ಸರಿಪಡಿಸಿದೆವು. ಸಂದು ಅಳೆಯುವ ಫೀಲರ್ ಗೇಜ್ ಹಿಡಿದವಳು ಅಕ್ಕ. ಆಮೇಲೆ ದೊಡ್ಡಪ್ಪ ಹತ್ತಿ ಕುಳಿತರು. ಸ್ಟಾರ್ಟರ್ ಪೆಡಲ್ ಮೇಲೆ ಕಾಲಿಟ್ಟು, ಒತ್ತುವ ಮುನ್ನ ಒಂದು ಗಳಿಗೆ ಮೀಟರ್ ನೋಡಿದರು. ಇಂಜಿನ್ ಹತ್ತಿತು, ಮುಳ್ಳು ಹೋಗಿ ಅಂಚಿಗೆ ತಾಗಿತು. ಬಾಗಿಲ ಬಳಿ ನಿಂತಿದ್ದ ಹುಡುಗನನ್ನು ಪಕ್ಕದಲ್ಲಿ ಹತ್ತಿಸಿಕೊಂಡು, ನಮಗೇನೂ ಹೇಳದೆ, ಗಾಡಿಯನ್ನು ರಸ್ತೆಗಿಳಿಸಿದರು. ಅವರಿಬ್ಬರು ತಿರುಗಿ ಬರುವವರೆಗೆ ನಾನೂ ಅಕ್ಕನೂ ಖಾಲಿ ಶೆಡ್ಡಿನ ಮುಂದೆ ನಿಂತು ಕಿವಿಗೊಟ್ಟೆವು. ಬಡಿತದ ಸದ್ದು ಇರಲಿಲ್ಲ.